ಸಾಹೇಬರ ಜಾಗಾ

ಟಾಂಗಾ ಚಾಚಾನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಜೋತುಬಿದ್ದಿತ್ತು. ಮೂವತ್ತು ವರ್ಷ ಲಗಾಮು ಹಿಡಿದದ್ದರ ಗುರುತು ಅದು. ಕೇಳಿದರೆ, ಜಂಗಲ್ ಸಾಹೇಬರು ದೋಸ್ತಿಯಿಂದ ಕೈ ಹಾಕಿದ್ದಕ್ಕೆ ಹೀಗಾಯಿತು ಎನ್ನುತ್ತಿದ್ದ.

ಕಲ್ಯಾಣಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಕುರುಚಲು ಅಡವಿಯಲ್ಲಿ ಮೈತುಂಬ ಕೂದಲಿನ, ಹಿಂದುಮುಂದಾದ ಪಾದಗಳ ಅಡವಿಮನುಷ್ಯನೊಬ್ಬ ಇದ್ದಾನೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಎಲ್ಲರೂ ಹೆದರುವ ಅವನನ್ನು ಚಾಚಾ ಜಂಗಲ್ ಸಾಹೇಬನೆಂದು ಕರೆದು, ತನ್ನ ಕಥೆಗಳಲ್ಲಿ ಟಾಂಗಾದಲ್ಲಿ ಕೂರಿಸಿದ್ದ. ನಿಜಾಮರ ರಾಜ್ಯದಲ್ಲಿ ಅಡವಿಗೂ ಒಬ್ಬ ಸಾಹೇಬ ಬೇಡವೇ ಎನ್ನುತ್ತಿದ್ದ. ಸಾಹೇಬರು ಹಿಂದೆ ಹತ್ತಿದರೆ ಕುದುರೆಯ ಮುಂಗಾಲುಗಳು ನೆಲ ಬಿಡುತ್ತಿದ್ದವಂತೆ. ಚಾಚಾನ ಟೋಪಿ ಒಯ್ದು, ತಲೆಗೆ ಸಾಲದೆಂದು ಮರಕ್ಕೆ ಸಿಕ್ಕಿಸಿ ಹೋಗಿದ್ದರಂತೆ. ಮಾಣಿಕನಗರದ ಅವಲಕ್ಕಿ ಚೂಡಾ ಖಾರವಾಯಿತೆಂದು ಎರಡು ದಿನ ಮಾತು ಬಿಟ್ಟಿದ್ದರಂತೆ. ಅಡವಿ ಬಂದೊಡನೆ, ಎಷ್ಟೇ ಇಕ್ಕಟ್ಟಿರಲಿ, "ಮುಂದ ಸರೀರಿ, ಸಾಹೇಬರ ಜಾಗಾ ಬಿಡ್ರಿ" ಎಂದು ಹಿಂದಿನ ಎಡಮೂಲೆ ಖಾಲಿ ಮಾಡಿಸುತ್ತಿದ್ದ. ಆಮೇಲೆ ಖಾಲಿ ಕೊಡದಲ್ಲಿ ಕೆಮ್ಮಿದಂಥ ದನಿ ತೆಗೆದು, ಸಾಹೇಬರ ಪರವಾಗಿ ತಾನೇ ಸಲಾಮು ಹೇಳುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾನು ಪಾತ್ರೆಗೆ ಕಲಾಯಿ ಹಾಕುವವ; ವಾರಕ್ಕೊಮ್ಮೆ ಹುಮನಾಬಾದಿನ ಸಂತೆಗೆ ಅವನದೇ ಟಾಂಗಾ. ನನ್ನ ಮುಖ ಕುಲುಮೆಗೆ ಗಾಳಿ ಊದುವ ತಿದಿಯಂತೆ, ಕಿವಿ ಇಕ್ಕಳದಂತೆ. ಹೀಗಾಗಿ ಜನ ನನ್ನನ್ನು ನೋಡಿ ನಗುವ ಮೊದಲೇ ಅವರ ದನಿ ತೆಗೆದು ನಗಿಸಿಬಿಡುತ್ತಿದ್ದೆ. ತಹಶೀಲ್ದಾರರಿಂದ ಹಿಡಿದು ಅವರ ಎಮ್ಮೆಯವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ನನ್ನ ಸ್ವಂತ ದನಿ ಯಾವುದೆಂಬುದು ನಮ್ಮವ್ವನಿಗೂ ಮರೆತಿತ್ತು.

ಒಂದು ಮಧ್ಯಾಹ್ನ ಚಾಚಾ ಅಡವಿಯ ಅಂಚಿನಲ್ಲಿ ಖಾಲಿ ಟಾಂಗಾ ನಿಲ್ಲಿಸಿ ಕುದುರೆಗೆ ನೀರು ಕುಡಿಸುತ್ತಿದ್ದ. ನಡೆದು ಬರುತ್ತಿದ್ದ ನಾನು ಮುತ್ತುಗದ ಪೊದೆಯ ಹಿಂದೆ ಅಡಗಿ, ಅದೇ ಕೊಡದ ದನಿಯಲ್ಲಿ, ತಂಬಾಕು ಎಲ್ಲಿ ಎಂದು ಗದರಿಸಿದೆ. ಓಡುತ್ತಾನೆ, ಇಲ್ಲವೇ ಗುರುತು ಹಿಡಿದು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬಕೀಟು ಕೆಳಗಿಟ್ಟು ಟೋಪಿ ಸರಿಮಾಡಿಕೊಂಡ.

"ಸಾಹೇಬ್, ಇಷ್ಟ್ ದಿನಾ ನಿಮ್ಮ ಹೆಸರಿಲೆ ಸುಳ್ಳು ಹೇಳೀನ್ರಿ, ಮಾಫ್ ಮಾಡ್ರಿ. ನೀವು ಖರೇನೇ ಅದೀರಿ ಅಂತ ಗೊತ್ತಿರಲಿಲ್ಲ. ನನ್ನ ಪೋರ ಕಟಗಿ ತರಾಕ ಈ ಅಡವ್ಯಾಗ ಹ್ವಾದಾಂವ ತಿರಗಿ ಬರಲಿಲ್ಲ. ನಿಮ್ಮ ಬಲ್ಲಿ ಅದಾನೇನ್ರಿ?"

ಹುಡುಗ ಕಾಣೆಯಾಗಿ ಆಗ ಮೂರು ವರ್ಷ. ಊರು ಹುಡುಕಿ ಸುಮ್ಮನಾಗಿತ್ತು. ಟಾಂಗಾದ ತೂಕ ಸಮ ಹಿಡಿಯಲೆಂದು ಅವನು ಕೂರುತ್ತಿದ್ದದ್ದು ಹಿಂದಿನ ಎಡಮೂಲೆಯಲ್ಲೇ ಎಂಬುದು ನನಗೆ ಆ ಪೊದೆಯ ಹಿಂದೆ ನೆನಪಾಯಿತು.

"ಅದಾನ" ಎಂದಿತು ನನ್ನ ಗಂಟಲು.

ಅಂದಿನಿಂದ ಚಾಚಾ ಸಾಹೇಬರ ಕಥೆ ಹೇಳುವುದನ್ನು ನಿಲ್ಲಿಸಿದ. ದಿನಾ ಎರಡು ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಆ ಪೊದೆಯಲ್ಲಿ ಇಡತೊಡಗಿದ. ನಾಯಿ ತಿಂದು ಹೋದರೆ ಮಗ ಉಂಡನೆಂದು ಹಿಗ್ಗುತ್ತಿದ್ದ. ಅಲ್ಲೇ ತಾಸುಗಟ್ಟಲೆ ಕಾಯುವ ಟಾಂಗಾ ಯಾರಿಗೆ ಬೇಕು? ಜನ ಹೊಸದಾಗಿ ಬಂದ ಮೋಟಾರು ಹತ್ತಿದರು. ತಾಳಲಾರದೆ ಒಂದು ದಿನ ಅವನೆದುರು ನಿಂತು, ಅಂದು ಮಾತಾಡಿದ್ದು ನಾನೇ ಎಂದು ಒಪ್ಪಿಕೊಂಡೆ; ಸಾಕ್ಷಿಗೆ ಆ ದನಿಯನ್ನೂ ತೆಗೆದು ತೋರಿಸಿದೆ. ಚಾಚಾ ಬಹಳ ದಿನಗಳ ಮೇಲೆ ನಕ್ಕ.

"ಚಲೋ ತಗೀತೀ ಬೇಟಾ. ಆದ್ರ ಸಾಹೇಬರ ದನಿ ಬ್ಯಾರೇನೇ ಐತಿ."

ನನ್ನ ಹಣೆಬರಹವೇ ಅಷ್ಟು. ನಿಜ ಹೇಳಿದರೂ ಅಣಕವಾಯಿತು.

ಮಳೆಗಾಲಕ್ಕೆ ಅವನು ಹಾಸಿಗೆ ಹಿಡಿದ. ನೋಡಲು ಹೋದಾಗ ನನ್ನ ಕೈ ಹಿಡಿದು, "ಊರ ಮಂದಿದೆಲ್ಲಾ ತಗೀತೀ. ನನ್ನ ಪೋರಂದು ಒಮ್ಮಿ ತಗಿ. ಅಪ್ಪಗ ಕರದಂಗ ಅಬ್ಬಾ ಅನ್ನು, ಸಾಕು" ಎಂದ.

ಆ ಹುಡುಗ ಎಷ್ಟೋ ವಾರ ನನ್ನ ಬೆನ್ನ ಹಿಂದೆಯೇ ಕೂತಿದ್ದ. ಅಣಕಿಸುವಂಥದ್ದು ಅವನಲ್ಲಿ ಏನೂ ಇರಲಿಲ್ಲವೆಂದು ನಾನು ಅವನ ಮಾತಿಗೆ ಕಿವಿಗೊಟ್ಟಿರಲಿಲ್ಲ. ಬಾಯಿ ತೆರೆದು "ಅಬ್ಬಾ" ಎಂದೆ. ಬಂದದ್ದು ನನ್ನದೇ ದನಿ.

ಚಾಚಾ ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಇದ್ಯಾರ ದನಿ?"

"ನಂದ್ರಿ, ಚಾಚಾ."

ಅವನು ಗೋಡೆಯ ಕಡೆ ಹೊರಳಿದ. ಮರುದಿನ ಅವನನ್ನು ಖಬರಸ್ತಾನಕ್ಕೆ ಒಯ್ಯುವಾಗ, ಜೋತುಬಿದ್ದ ಆ ಬಲಭುಜದ ಕಡೆ ನಾನು ಹೆಗಲು ಕೊಟ್ಟೆ.