ಬೀರುವಿನ ಕೆಳಗೆ ಅಡಗಿದ ಟ್ಯೂಬ್‌ಲೈಟು

ಕಳೆದ ಭಾನುವಾರ ಸಂಜೆ ನಮ್ಮ ಅಮ್ಮ ಅಡುಗೆಕಟ್ಟೆಯ ಮುಂದೆ ಸೊಂಟ ಬಗ್ಗಿಸಿ, ಗೋಡೆ ಬೀರುವಿನ ಕೆಳಗೆ ತಲೆ ತೂರಿಸಿ, ಎರಡೂ ಕೈ ಜೋಡಿಸಿದಳು. ಅಲ್ಲಿ ದೇವರಿರಲಿಲ್ಲ. ಎರಡಡಿಯ ಒಂದು ಟ್ಯೂಬ್‌ಲೈಟ್ ಇತ್ತು.

ಇಷ್ಟಕ್ಕೂ ಕಾರಣ ನಾನೇ.

ಕೋಲಾರದ ನಮ್ಮ ಮನೆಗೆ ಹೋದ ವರ್ಷ ಗ್ಯಾಸ್ ಬಂತು. ಗ್ಯಾಸ್ ಬಂದ ಮೇಲೆ ನಿಂತು ಅಡುಗೆ ಮಾಡುವ ಕಟ್ಟೆ ಬಂತು. ಕಟ್ಟೆ ಬಂದ ಮೇಲೆ ಗೋಡೆಗೆ ಮರದ ಬೀರುಗಳು ಬರದೆ ಇರುತ್ತವೆಯೇ? ಮಾಲೂರಿನ ಬಡಗಿ ರೈಲಿನಲ್ಲಿ ಬಂದು ಹೋಗಿ ಚೆನ್ನಾಗಿಯೇ ಮಾಡಿಕೊಟ್ಟ. ಬಲ್ಬು ಮಾತ್ರ ಹಳೆಯ ಜಾಗದಲ್ಲೇ, ಚಾವಣಿಯ ನಡುಮಧ್ಯೆ ನೇತಾಡುತ್ತಿತ್ತು. ನೆಲದ ಮೇಲೆ ಕೂತು ಅಡುಗೆ ಮಾಡುವ ಕಾಲಕ್ಕೆ ಅದು ಸರಿ. ಈಗ ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಹೆಚ್ಚುವ ಮಣೆಯ ಮೇಲೆ ತರಕಾರಿಗಿಂತ ಮೊದಲು ನಮ್ಮ ನೆರಳೇ ಬಂದು ಕೂರುತ್ತದೆ.

"ನನ್ನ ನೆರಳೇ ನನಗೆ ಸವತಿ ಆಗಿದೆ ಕಣ್ರೀ," ಎಂದಳು ಹೆಂಡತಿ. "ಸೊಪ್ಪು ಯಾವ್ದು, ಹುಳ ಯಾವ್ದು ಗೊತ್ತಾಗಲ್ಲ. ನೀವು ಚೆನ್ನಾಗಿದೆ ಅಂತ ತಿಂತಿದ್ದೀರಿ, ಅದೇ ಸಮಾಧಾನ."

ಹುಳವನ್ನಾದರೂ ಸಹಿಸಬಹುದು. ಅಮ್ಮನ ಮುನಿಸನ್ನು?

ಅಮ್ಮ ಇರುವುದು ಶ್ರೀನಿವಾಸಪುರದಲ್ಲಿ, ಅಣ್ಣನ ಜೊತೆ. ಪ್ರತಿ ಬೇಸಿಗೆಯಲ್ಲೂ ಒಂದು ಚೀಲ ಮಾವಿನಕಾಯಿ ಬಸ್ಸಿಗೆ ಹಾಕಿಸಿಕೊಂಡು ಬಂದು, ನಮ್ಮಲ್ಲೇ ವರ್ಷದ ಉಪ್ಪಿನಕಾಯಿ ಹಾಕುತ್ತಾಳೆ. ಅಷ್ಟೂ ದಿನ ಮನೆ ತುಂಬ ಸಾಸಿವೆಯ ಘಾಟು, ಅಮ್ಮನ ಕಥೆ, ಅತ್ತೆ ಸೊಸೆಯರ ನಗು. ಹೋದ ಬೇಸಿಗೆಯಲ್ಲಿ ಆ ನೆರಳಿನಲ್ಲಿ ಬೆರಳು ಕೊಯ್ದುಕೊಂಡವಳು ಹೊರಡುವಾಗ ಹೇಳಿಯೇಬಿಟ್ಟಳು: "ಈ ಕತ್ಲೆ ಗೂಡಿಗೆ ಇನ್ನು ಬರಲ್ಲ ಕಣೋ. ಅಲ್ಲೇ ಹಾಕಿ ಜಾಡಿ ಕಳಿಸ್ತೀನಿ."

ಜಾಡಿ ಬಂದರೆ ಸಾಕೇ? ಅಮ್ಮ ಬರಬೇಡವೇ?

ಬೀರುವಿನ ಅಡಿಯಲ್ಲೊಂದು ದೀಪ ಹಾಕಿಸುವುದೆಂದು ತೀರ್ಮಾನಿಸಿದೆ. ಬೆಳಕು ಕಟ್ಟೆಯ ಮೇಲೆ ಬೀಳಬೇಕು, ಕಣ್ಣಿಗೆ ಚುಚ್ಚಬಾರದು, ದೀಪವಂತೂ ಕಾಣಲೇಬಾರದು. (ವಿಶ್ವವಿದ್ಯಾನಿಲಯದಲ್ಲಿ ಓದಿದವನು ಸುಮ್ಮನೆ ಒಂದು ಬಲ್ಬು ಹಾಕಿಸಿ ಕೂರಲಾರ.)

"ಏಂ ಸಾರ್ ಇದು?" ಎಂದು ನಕ್ಕ ಎಲೆಕ್ಟ್ರಿಕ್ ಅಂಗಡಿಯವನು. "ಎಲ್ಲಾರೂ ಲೈಟು ಕಾಣ್ಲಿ ಅಂತ ಕಾಸು ಕೊಡ್ತಾರೆ. ನೀವು ಕಾಣ್ದೆ ಇರ್ಲಿ ಅಂತೀರಲ್ಲ! ಹಂಗಾದ್ರೆ ತಗೋಬೇಡಿ, ಸುತರಾಂ ಕಾಣೋದೇ ಇಲ್ಲ."

ಆದರೂ ಒಂದು ಚಿಕ್ಕ ಬಲ್ಬು ಕೊಟ್ಟ. ಅದರ ಕಾವಿಗೆ ಮೇಲಿನ ಬೀರುವಿನಲ್ಲಿದ್ದ ತುಪ್ಪ ಚಳಿಗಾಲದಲ್ಲೂ ಗಟ್ಟಿಯಾಗಲಿಲ್ಲ. "ಇದು ಇರ್ಲಿ ಬಿಡ್ರೀ, ತುಪ್ಪ ಕಾಯ್ಸೋ ಕೆಲ್ಸ ತಪ್ತು," ಎಂದಳು ಹೆಂಡತಿ. ಪಕ್ಕದ ಡಬ್ಬಿಯಲ್ಲಿ ಬೆಲ್ಲ ಪಾಕವಾದ ದಿನ ಅವಳೇ ಅದನ್ನು ಕಿತ್ತಳು. ಆಮೇಲೆ ಗಣೇಶನ ಹಬ್ಬದ ಸೀರಿಯಲ್ ಸೆಟ್ ಕಟ್ಟಿದೆ. ನೋಡಲು ಬಲು ಚೆಂದ. ಆ ಕೆಂಪು ಹಸಿರು ಬೆಳಕಿನಲ್ಲಿ ಅರಿಶಿನವೂ ಖಾರದ ಪುಡಿಯೂ ಒಂದೇ ಬಣ್ಣ. ನೆಗಡಿಗೆಂದು ಹಾಲಿಗೆ ಹಾಕಿದ್ದು ಯಾವುದು ಎಂಬುದು ಕುಡಿದ ಮೇಲೆ ನನಗೆ ತಿಳಿಯಿತು.

ಕೊನೆಗೆ ಈ ಟ್ಯೂಬ್‌ಲೈಟ್. ಮುಂದುಗಡೆ ಒಂದು ಮರದ ಪಟ್ಟಿ ಹೊಡೆಸಿದೆ. ಪಟ್ಟಿಯ ಹಿಂದೆ ದೀಪ ಮಾಯ! ಕಟ್ಟೆಯ ಮೇಲೆ ಹಾಲು ಚೆಲ್ಲಿದಂಥ ಬೆಳಕು. ನೆರಳಿಗೆ ಜಾಗವೇ ಇಲ್ಲ. ನಾನೇ ಶ್ರೀನಿವಾಸಪುರಕ್ಕೆ ಹೋಗಿ, ದುಂಬಾಲು ಬಿದ್ದು, ಚೀಲದ ಸಮೇತ ಅಮ್ಮನನ್ನು ಕರೆತಂದೆ.

ಭಾನುವಾರ ಸಂಜೆ. ಮಾವಿನಕಾಯಿ ತೊಳೆದು ಒರೆಸಿಟ್ಟಾಗಿತ್ತು. ನಾನು ಗತ್ತಿನಿಂದ ಸ್ವಿಚ್ ಒತ್ತಿದೆ. ಟ್ಯೂಬು ಪಕಪಕ ಮಿಟುಕಿ ಹತ್ತಿಕೊಂಡಿತು. ಅಮ್ಮ ಕತ್ತಿ ಮುಟ್ಟಲಿಲ್ಲ. ಅರ್ಧ ಜೋಡಿಸಿದ ಕೈಗಳನ್ನು ಹಿಡಿದುಕೊಂಡು ಚಾವಣಿ ನೋಡಿದಳು, ಗೋಡೆ ನೋಡಿದಳು, ನನ್ನ ಮುಖ ನೋಡಿದಳು.

"ದೀಪ ಎಲ್ಲೋ?"

"ಬೆಳಕು ಬಂತಲ್ಲಮ್ಮ?"

"ಬೆಳಕು ಕಾಣ್ತದೆ ಕಣೋ. ದೀಪ ಎಲ್ಲಿ? ಸಂಜೆ ದೀಪ ಹಚ್ಚಿದ್ಮೇಲೆ ಕೈ ಮುಗೀಬೇಕಲ್ಲ, ಎತ್ತಲಾಗೆ ಮುಗೀಲಿ?"

ಹಣತೆಯಾದರೂ ಸರಿ, ಬಲ್ಬಾದರೂ ಸರಿ, ಮುಸ್ಸಂಜೆಯಲ್ಲಿ ದೀಪ ಹತ್ತಿದೊಡನೆ ನಮ್ಮ ಕಡೆ ಎಲ್ಲರ ಕೈಗಳೂ ಒಂದು ಕ್ಷಣ ಕೂಡುತ್ತವೆ. ಇಷ್ಟೆಲ್ಲ ಲೆಕ್ಕ ಹಾಕಿದ ನನಗೆ ಅದೊಂದು ಹೊಳೆದಿರಲಿಲ್ಲ. ಒಂದು ವರ್ಷ ಬೆರಳಿಗಾಗಿ ಮುನಿದವಳು ಈಗ ದೀಪಕ್ಕಾಗಿ ಬಸ್ಸು ಹತ್ತಿಬಿಟ್ಟರೆ? ಮರದ ಪಟ್ಟಿ ಕೀಳಲು ಸ್ಕ್ರೂಡ್ರೈವರ್ ಹುಡುಕತೊಡಗಿದೆ. ಅಷ್ಟರಲ್ಲಿ ಅಮ್ಮ ಬಗ್ಗಿ, ಬೀರುವಿನಡಿ ತಲೆ ತೂರಿಸಿಯಾಗಿತ್ತು.

"ಸಿಕ್ಕಿದ ಕಳ್ಳ!" ಎಂದು ಕೈ ಮುಗಿದು ಎದ್ದಳು. "ಕುರುಡುಮಲೆ ಗಣಪ್ಪಂಗೂ ನಾನು ಇಷ್ಟು ಬಗ್ಗಿಲ್ಲ ಕಣೇ. ಅವನಾದ್ರೆ ಎರಡಾಳೆತ್ತರ, ಎದ್ದು ಕಾಣ್ತಾನೆ."

ಸೊಸೆ ನಗು ತಡೆಯಲಾರದೆ ನೆಲದ ಮೇಲೆ ಕೂತೇಬಿಟ್ಟಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಅಮ್ಮ, ನಾವು ಮುಂಚೆ ಇದ್ದ ಮುಳಬಾಗಿಲ ಮನೆಗೆ ಮೊದಲ ಸಲ ಕರೆಂಟು ಬಂದಾಗ ನೀವೆಲ್ಲ ಬಲ್ಬಿಗೆ ಕೈ ಮುಗಿದ್ರಿ. ನಾನೊಬ್ಬನೇ ಕೈ ಕಟ್ಟಿಕೊಂಡು ನಿಂತಿದ್ದೆ. ಜ್ಞಾಪಕ ಇದೆಯಾ?"

(ಈ ಕಥೆಯನ್ನು ನಾನು ಅನೇಕ ವಿಚಾರವಾದಿಗಳ ಸಭೆಗಳಲ್ಲಿ ಹೇಳಿದ್ದೇನೆ. ಚಪ್ಪಾಳೆಯೂ ಬಿದ್ದಿದೆ.)

"ನೀನಾ?" ಅಮ್ಮ ಮೊದಲ ಮಾವಿನಕಾಯಿಯನ್ನು ಎರಡು ಹೋಳು ಮಾಡಿದಳು. "ಕೈ ಕಟ್ಕೊಂಡು ನಿಂತಿದ್ದು ನಿಮ್ಮಣ್ಣ. ನೀನು ಸ್ವಿಚ್ ಹಾಕೋದು, ಕೈ ಮುಗಿಯೋದು, ಆರ್ಸೋದು, ಮತ್ತೆ ಹಾಕೋದು, ಮತ್ತೆ ಮುಗಿಯೋದು. ಬಲ್ಬು ಸುಟ್ಟೋಗ್ತದೆ ಅಂತ ನಿಮ್ಮಪ್ಪ ಕಿವಿ ಹಿಂಡಿದ್ರು."

ಹಾಗಾದರೆ ಕೈ ಕಟ್ಟಿಕೊಂಡು ನಿಂತ ಆ ಹುಡುಗ ನನ್ನ ತಲೆಯೊಳಕ್ಕೆ ಬಂದದ್ದು ಯಾವಾಗ? ಅಣ್ಣನ ಧೈರ್ಯವನ್ನು ನಾನು ನನ್ನ ಲೆಕ್ಕಕ್ಕೆ ಹಾಕಿಕೊಂಡೆನೋ, ಅಮ್ಮನೇ ಮಕ್ಕಳನ್ನು ಅದಲು ಬದಲು ಮಾಡಿದಳೋ? ಎಲ್ಲವನ್ನೂ ಸಂದೇಹಿಸು ಎಂದು ಕಾಲೇಜು ಕಲಿಸಿತು. ನಿನ್ನ ನೆನಪನ್ನೇ ಮೊದಲು ಸಂದೇಹಿಸು ಎಂದು ಯಾರೂ ಹೇಳಲಿಲ್ಲವಲ್ಲ!

ಉಪ್ಪಿನಕಾಯಿ ಭರ್ಜರಿಯಾಗಿ ಜಾಡಿಗೆ ಬಿತ್ತು. ಬೆರಳುಗಳೆಲ್ಲ ಕ್ಷೇಮ. ಮುಂದಿನ ಬೇಸಿಗೆಗೂ ಬರುವುದಾಗಿ ಅಮ್ಮ ಒಪ್ಪಿದ್ದಾಳೆ. ಪಟ್ಟಿ ತೆಗೆಯುವುದು ಬೇಡವಂತೆ, ಬಗ್ಗಿದರೆ ಸೊಂಟಕ್ಕೆ ಒಳ್ಳೆಯದಂತೆ.

ಈಗ ದಿನವೂ ಸಂಜೆ ಸ್ವಿಚ್ ಒತ್ತಿ ಬೀರುವಿನ ಕೆಳಗೆ ನಾನೂ ಒಮ್ಮೆ ಬಗ್ಗಿ ನೋಡುತ್ತೇನೆ. ಬೇರೇನಿಲ್ಲ, ಸ್ಟಾರ್ಟರ್ ಸರಿಯಾಗಿದೆಯೋ ಇಲ್ಲವೋ ಎಂದು. ನಿನ್ನೆ ಹೆಂಡತಿ ಹಿಂದಿನಿಂದ ಬಂದು ಕೇಳಿದಳು:

"ಸ್ಟಾರ್ಟರ್ ನೋಡೋಕೆ ಕೈ ಜೋಡಿಸ್ಬೇಕೇನ್ರೀ?"