ಭರಣಿಯ ಹಿಂದಿನ ದೀಪ

ಇವತ್ತು ಬೆಳಿಗ್ಗೆ ಹಾಲು ಕಾಯಲಿಟ್ಟು ಎಂದಿನಂತೆ ರೊಟ್ಟಿ ತಟ್ಟುತ್ತಿದ್ದೆ. ಬಳೆಯ ಸಪ್ಪಳ, ಹಿಂದಿನ ಶೆಡ್ಡಿನ ಮಗ್ಗಗಳ ಸಪ್ಪಳ, ಎಲ್ಲ ಇತ್ತು. ಆದರೂ ಏನೋ ಕಡಿಮೆ ಅನಿಸಿ ತಲೆಯೆತ್ತಿದೆ. ಉಪ್ಪಿನಕಾಯಿ ಭರಣಿಯ ಹಿಂದೆ ಶೈಲಾಳ ದೀಪ ಆರಿತ್ತು.

ಶೈಲಾ ನನ್ನ ನಾದಿನಿ, ನಾನವಳಿಗೆ ವೈನಿ. ಕೊಲ್ಹಾಪುರದಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದಳು. ರವಿವಾರ ಇಚಲಕರಂಜಿಯ ನಮ್ಮ ಮನೆಗೆ ಬಂದರೆ ಎಡಗೈಯಲ್ಲಿ ಚಹಾದ ಬಸಿ, ಬಲಗೈಯಲ್ಲಿ ಸ್ಕ್ರೂಡ್ರೈವರ್. ಫ್ರಿಜ್ಜು, ವಾಷಿಂಗ್ ಮಶೀನು, ಫೋನು, ಎಲ್ಲದರ ಬಾಯಿ ಮುಚ್ಚಿಸುವಳು. "ಮನಿಯಾಗಿನ ಸಾಮಾನು ಘಳಿಗಿಗೊಮ್ಮೆ ಕೂಗಬಾರದ್ರಿ ವೈನಿ. ಸುಮ್ಮ ಇರಬೇಕು, ಬೇಕಾದಾಗ ಸಿಗಬೇಕು."

ಅತ್ತೆಗೆ ತಲೆ ತಿರುಗುವ ಕಾಯಿಲೆ. ಹಾಸಿಗೆಯಿಂದ ಒಬ್ಬರೇ ಎದ್ದು ಒಮ್ಮೆ ಬಿದ್ದರು. ಆಮೇಲೆ ನಾನು ಅಡುಗೆಮನೆಯಲ್ಲಿದ್ದರೂ ಜೀವವೆಲ್ಲ ಆ ಕೋಣೆಯಲ್ಲೇ. ಶೈಲಾ ಗಾದಿಯ ಕೆಳಗೊಂದು ಪಟ್ಟಿಯಿಟ್ಟು ನನ್ನ ಫೋನಿಗೆ ಜೋಡಿಸಿದಳು. ಅತ್ತೆ ಮಗ್ಗುಲಾದರೂ ಅದು ಕಿರುಚುವುದು, ನಾನು ಓಡುವುದು, ಇತ್ತ ರೊಟ್ಟಿ ಸೀಯುವುದು.

"ಹೊಳ್ಳಿ ಮಲಗಾಕೂ ನಿಮ್ಮ ಪರವಾನಗಿ ಬೇಕೇನ? ನಾ ಏನ ಕಳ್ಳಿ ಏನ?" ಎಂದು ಅತ್ತೆ ಮಗಳನ್ನು ಬೈದರು.

"ತಪ್ಪಾತವ್ವಾ. ಅಪ್ಪನ ಶೆಡ್ಡಿನ್ಯಾಗ ಕಲತದ್ದ ಮರತೆ ನೋಡು," ಎಂದು ಶೈಲಾ ನಕ್ಕಳು. "ಮಗ್ಗದವ್ರು ಮಗ್ಗಾನ ನೋಡ್ಕೋತ ನಿಂದರತಾರೇನ್ರಿ ವೈನಿ? ಒದರ್ಕೋತ ಹರಟಿ ಹೊಡೀತಾರ, ಚಹಾ ಕುಡೀತಾರ. ಸಪ್ಪಳ ಬದಲಾತಂದ್ರ ಅಷ್ಟ ಹೊಳ್ಳಿ ನೋಡತಾರ."

ಮುಂದಿನ ರವಿವಾರ ಈ ದೀಪ ತಂದು, ಫೋನಿನ ಬದಲು ಇದನ್ನು ಆ ಪಟ್ಟಿಗೆ ಜೋಡಿಸಿ ಭರಣಿಯ ಹಿಂದೆ ಇಟ್ಟಳು. ಅತ್ತೆ ಮಲಗಿದ್ದರೆ ಬೆಣ್ಣೆಯ ಬಣ್ಣ. ಎದ್ದು ಕೂತರೆ ಮೆಲ್ಲಗೆ ಕುಂಕುಮಕ್ಕೆ ತಿರುಗುವುದು. ದಿಟ್ಟಿಸಿ ನೋಡಬೇಕಾಗಿರಲಿಲ್ಲ. ಗೋಡೆ ಕೆಂಪಾದರೆ ಕಾಲು ತಾನಾಗಿ ಅತ್ತೆಯ ಕೋಣೆಗೆ ಹೋಗುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನು ಮತ್ತೆ ಗುನುಗುತ್ತ ರೊಟ್ಟಿ ತಟ್ಟತೊಡಗಿದೆ.

ಶೈಲಾಳಿಗೊಂದೇ ಕುತೂಹಲ. ನಮ್ಮ ಮನೆಯ ಹೊಸ ಚಮಚವನ್ನೂ ಬಿಡದೆ ವಿಚಾರಿಸುವ ಪಕ್ಕದ ಮನೆಯ ಕುಸುಮಕ್ಕ ದಿನಾ ಸಂಜೆ ಆ ದೀಪದ ಎದುರಿಗೇ ಕೂರುತ್ತಾರಲ್ಲ, ಅದನ್ನು ಕಂಡಿದ್ದಾರೆಯೇ? "ಕೇಳಬ್ಯಾಡ್ರಿ ಮತ್ತ. ಕೇಳಿದ್ರ ನೋಡತಾರ. ಅವರ ಕಣ್ಣಿಗೆ ಬೀಳಲಿಲ್ಲಂದ್ರ ನಾ ಪಾಸ್!"

ಹೋದ ಮಳೆಗಾಲದಲ್ಲಿ ಜ್ವರ ಬಂದು ಶೈಲಾ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗಲೂ "ಕುಸುಮಕ್ಕ?" ಎಂದು ಹುಬ್ಬು ಹಾರಿಸಿದ್ದಳು. "ಅವರು ಇನ್ನೂ ಏನೂ ಕೇಳಿಲ್ಲವ್ವ," ಎಂದಿದ್ದೆ.

ಇವತ್ತು ಮನೆಯವರು ದೀಪ ಬಿಚ್ಚಿ, ಅವಳ ಜೊತೆ ಕೆಲಸ ಮಾಡಿದವರಿಗೆ ತೋರಿಸಲು ಕೊಲ್ಹಾಪುರಕ್ಕೆ ಒಯ್ದರು. ಸಂಜೆ ಕುಸುಮಕ್ಕ ಬಂದು ಕೂತರು. ನಾನೋ ಮಾತಿನ ನಡುವೆ ಎದ್ದೆದ್ದು ಅತ್ತೆಯ ಕೋಣೆಗೆ ಇಣುಕುತ್ತಿದ್ದೆ.

"ಯಾಕ್ರಿ, ಇವತ್ತ ಒಂದ ಕಡೆ ಕುಂಡ್ರಾಕ ಆಗವಲ್ದೇನ್ರಿ?"

"ಅಲ್ಲಿದ್ದ ದೀಪ ಕೆಟ್ಟೈತ್ರಿ," ಎಂದೆ.

ಕುಸುಮಕ್ಕ ಗೋಡೆ ನೋಡಿದರು, ಭರಣಿ ನೋಡಿದರು.

"ಅಲ್ಲಿ ದೀಪ ಇತ್ತೇನ್ರಿ? ಇರಲಿ, ಹೆಪ್ಪಿಗೆ ಒಂದ ಚಮಚ ಮೊಸರು ಕೊಡ್ರಿ."