ಗೆರೆ ತಾಗಿದ ಚೆಂಡು

ನಮ್ಮ ಸೋದರತ್ತೆ ಹದಿನೆಂಟು ವರ್ಷ ದೇಶದೇಶ ಸುತ್ತಿ ಟೆನಿಸ್ ಆಡಿದವಳು; ಈಗ ಅವಳ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬೀದಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಾ ಜಗಳಕ್ಕೆ ಬಿದ್ದರೆ ಕಿಟಕಿಯಿಂದಲೇ ತೀರ್ಪು ಬರುತ್ತದೆ: "ಗೆರೆ ತಾಗಿದ್ರೆ ಒಳಗೇ ಕಣ್ರೋ." ಅದು ಟೆನಿಸ್ ನಿಯಮ, ಕುಂಟೆಬಿಲ್ಲೆಯಲ್ಲಿ ಗೆರೆ ತಾಗಿದರೆ ಔಟು ಎಂದು ಮಕ್ಕಳು ಹೇಳಿ ಹೇಳಿ ಸೋತಿದ್ದಾರೆ. ಅರ್ಜಿಯಲ್ಲಿ ಸಹಿ ಚೌಕ ದಾಟಿದೆಯೆಂದು ಗುಮಾಸ್ತ ಗೊಣಗಿದಾಗಲೂ ಕನ್ನಡಕ ಏರಿಸಿ, "ಬಾಲ ಗೆರೆ ಮುಟ್ಟಿದೆಯಲ್ಲಪ್ಪ, ಒಳಗೇ" ಎಂದು ವಾದಿಸಿ ಗೆದ್ದು ಬಂದಳು. ಕ್ಲಬ್ಬಿನವರಂತೂ ಹುಡುಗಿಯರ ಪಂದ್ಯಕ್ಕೆ ಅವಳನ್ನು ಅಂಪೈರ್ ಆಗಿ ಕರೆಯುವುದನ್ನೇ ಬಿಟ್ಟಿದ್ದಾರೆ. ಗೇಣುದ್ದ ಹೊರಗೆ ಬಿದ್ದ ಚೆಂಡೂ ಅವಳ ಕಣ್ಣಿಗೆ ಒಳಗೇ. "ಇಷ್ಟೊಂದು ಧಾರಾಳ ಯಾಕತ್ತೆ?" ಎಂದು ಮೊನ್ನೆ ಕೇಳಿದೆ. ಮಂಡಿಗೆ ಐಸ್ ಚೀಲ ಒತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದಳು: "ಆಗ ಹದಿನೇಳು ವರ್ಷ ನಂಗೆ. ಒಂದು ಪಂದ್ಯ ಇತ್ತು, ಗೆದ್ದವ್ರಿಗೆ ದೊಡ್ಡ ಟೂರ್ನಿಗೆ ಪ್ರವೇಶ. ಅಂಪೈರ್ ಇರ್ಲಿಲ್ಲ, ನಮ್ಮ ಕಡೆ ಬಿದ್ದ ಚೆಂಡಿಗೆ ನಾವೇ ಹೇಳ್ಬೇಕು. ಎದುರಾಳಿ ಹುಡುಗಿ ಹೊಡೆದ ಕೊನೇ ಚೆಂಡು ಗೆರೆ ಮೇಲೆ ಬಿತ್ತು, ನಾನು ಹೊರಗೆ ಅಂದೆ. ಆ ಹುಡುಗಿ ನನ್ನ ಮಾತು ನಂಬಿ ಕೈಕುಲುಕಿ ಹೋದ್ಲು. ಹದಿನೆಂಟು ವರ್ಷ ಯಾವ ಊರಿಗೆ ಹೋದ್ರೂ ಆಟಗಾರ್ತಿಯರ ಪಟ್ಟೀಲಿ ಮೊದ್ಲು ಅವಳ ಹೆಸರು ಹುಡುಕ್ತಿದ್ದೆ. ಎಲ್ಲೂ ಇರ್ಲಿಲ್ಲ."